ದನಿ ಹೋದ ಮೇಲೆ

ಆ ಬೀದಿಯ ಮಸೀದಿಯಲ್ಲಿ ಅವರು ಮೂವತ್ತೊಂದು ವರ್ಷ ಅಜಾನ್ ಕೂಗಿದ್ದರು. ಒಂದು ದಿನವೂ ಹೊತ್ತು ತಪ್ಪಿಸಿದವರಲ್ಲ. ಜನ ಅವರ ದನಿ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಿಂದ ‘ಗಡಿಯಾರ ಚಾಚಾ’ ಎಂಬ ಹೆಸರೇ ನಿಂತುಬಿಟ್ಟಿತ್ತು. ಕರೆಂಟು ಹೋಗಿ ಮೈಕು ಕೈಕೊಟ್ಟರೂ ಚಿಂತೆಯಿರಲಿಲ್ಲ. ಕಿವಿಗೆ ಕೈಯಿಟ್ಟು ಎದೆಯಾಳದಿಂದ ಎತ್ತಿದರೆ ಮೂರು ಬೀದಿ ದಾಟಿ ಕೇಳಿಸುತ್ತಿತ್ತು. ಅದರ ಬಗ್ಗೆ ಚಾಚಾಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಅಂಥ ಗಂಟಲಲ್ಲೇ ಹುಣ್ಣಾಯಿತು. ಮೊದಲು ದನಿ ಒಡೆಯಿತು, ಆಮೇಲೆ ನುಂಗಿದರೆ ನೋವು, ಕೊನೆಗೆ ಉಗುಳಿನಲ್ಲಿ ರಕ್ತ. ಡಾಕ್ಟರು ಸುತ್ತಿಬಳಸದೆ ಹೇಳಿದರು: ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ. ತೆಗೆದರು. ಎಚ್ಚರವಾದಾಗ ಕತ್ತಿನ ಕುಳಿಯಲ್ಲಿ ಬೆರಳಗಲದ ತೂತಿತ್ತು. ಇನ್ನು ಉಸಿರಾಟವೆಲ್ಲ ಅಲ್ಲಿಂದಲೇ. ಹೆಂಡತಿಯನ್ನು ಕರೆಯಲು ಬಾಯಿ ತೆರೆದರು. ತುಟಿ ಅಲ್ಲಾಡಿತು, ಅಷ್ಟೇ.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲರದೂ ಒಂದೇ ಮಾತು: “ಸಬರ್ ಮಾಡಿ ಚಾಚಾ. ಅಲ್ಲಾಹ್ ತನಗೆ ಬೇಕಾದವರನ್ನೇ ಪರೀಕ್ಷೆ ಮಾಡೋದು.” ಚಾಚಾ ತಲೆಯಾಡಿಸುತ್ತಿದ್ದರು. ತಾವೇ ಎಷ್ಟು ಸಾವಿನ ಮನೆಗಳಲ್ಲಿ ತಾಳ್ಮೆಯ ಈ ಮಾತು ಆಡಿ, ಚಹಾ ಕುಡಿದು ಎದ್ದು ಬಂದಿದ್ದರೋ! ಈಗ ಅದು ಗಾಯದ ಮೇಲೆ ಬರೆ ಎಳೆದಂತಿತ್ತು.

ಮಸೀದಿಗೆ ಹೋಗುವುದನ್ನು ಬಿಟ್ಟರು. ನಮಾಜಿಗೆ ಮುಂಚೆ ಮುಖ ಕೈಕಾಲು ತೊಳೆದು ವುಜೂ ಮಾಡುವಾಗ ನೀರು ತೂತಿನೊಳಗೆ ಹೋದರೆ ಜೀವಕ್ಕೇ ಕುತ್ತು. ಬಾಗಿ ಹಣೆ ನೆಲಕ್ಕಿಟ್ಟು ಸಜ್ದಾ ಮಾಡಿದರೆ ಅಲ್ಲಿಂದ ಕಫ ಸುರಿದು ಚಾಪೆಗೆ ಬೀಳುತ್ತದೆ. ಈ ನೆಪಗಳೆಲ್ಲ ನಿಜವೇ ಆಗಿದ್ದವು. ಅಸಲು ಕಾರಣ ಬೇರೆಯಿತ್ತು. ಅವರ ಜಾಗದಲ್ಲಿ ಈಗ ತಗಡಿನಂಗಡಿಯವನು ಅಜಾನ್ ಕೂಗುತ್ತಿದ್ದ. ಸಾಧು ಮನುಷ್ಯ; ಆದರೆ ದನಿಯೂ ತಗಡಿನದೇ. ಅದು ಕಿವಿಗೆ ಬಿದ್ದರೆ ಸಾಕು, ಚಾಚಾ ಕಿಟಕಿ ಮುಚ್ಚಿಬಿಡುತ್ತಿದ್ದರು. ಕ್ರಮೇಣ ಮನೆಯೊಳಗಿನ ನಮಾಜೂ ನಿಂತಿತು.

ಹೆಂಡತಿ ದಿನಕ್ಕೆ ಐದಾರು ಸಲ ತೂತಿನ ನಳಿಕೆ ತೆಗೆದು, ಕಾಯಿಸಿ ಆರಿಸಿದ ನೀರಲ್ಲಿ ತೊಳೆದು, ಮತ್ತೆ ಕೂರಿಸಿ, ಮೇಲೊಂದು ತೆಳು ಬಟ್ಟೆ ಕಟ್ಟುತ್ತಿದ್ದಳು. ಮಾತಿಗೊಂದು ಸ್ಲೇಟು. ಅವಳು ಕನ್ನಡಕ ಹುಡುಕಿ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಇವರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಗಂಜಿ ಸುಡುತ್ತಿತ್ತು. ‘ಬಿಸಿ’ ಎಂದು ಬರೆದು ತೋರಿಸಿದರು. ಅವಳು ‘ಬಸಿ’ ಎಂದು ಓದಿಕೊಂಡು, ತಿಳಿ ಬಸಿದು ತರಲು ಬಟ್ಟಲೆತ್ತಿಕೊಂಡು ಎದ್ದಳು. ಚಾಚಾ ಸ್ಲೇಟನ್ನು ಬೀಸಿ ಎಸೆದೇಬಿಟ್ಟರು. ಚೌಕಟ್ಟಿನ ಮೂಲೆ ಅವಳ ಹುಬ್ಬಿಗೆ ಬಡಿದು, ಸ್ಲೇಟು ನೆಲಕ್ಕೆ ಬಿದ್ದು ಎರಡು ಹೋಳಾಯಿತು.

ರಕ್ತ ಕೆನ್ನೆಗಿಳಿಯುತ್ತಿದ್ದಂತೆ ಅವಳು ಸೆರಗು ಒತ್ತಿ ಹಿಡಿದು ಗೋಡೆಗೊರಗಿ ಕೂತಳು.

“ನಿಮ್ಮ ದನಿ ಹೋಯ್ತು, ನಿಜ,” ಎಂದಳು. “ನಂದೇನು ಹೋಯ್ತು ಅಂತ ಒಂದ್ಸಲ ಕೇಳಿದ್ರಾ? ಒಲೆ ಮುಂದೆ ನಿಂತು ಇಷ್ಟು ವರ್ಷ ನಾನು ಕೇಳಿದ್ದೂ ಅದನ್ನೇ ಅಲ್ವೇನ್ರೀ? ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ದಿನಾ ಅಳ್ತೀನಿ. ಅತ್ತು, ಮುಖ ತೊಳ್ಕೊಂಡು, ನಿಮ್ಮ ನಳಿಕೆ ತೊಳೆಯೋಕೆ ಬರ್ತೀನಿ.”

ನಲ್ಲಿಯ ಸದ್ದನ್ನು ಚಾಚಾ ಕೂಡ ದಿನಾ ಕೇಳಿದ್ದರು. ಬಟ್ಟೆ ಒಗೆಯುತ್ತಿದ್ದಾಳೆ ಅಂದುಕೊಂಡಿದ್ದರು.

“ಅಳೋದು ತಪ್ಪಲ್ಲ. ಮಗನ್ನ ಕಳ್ಕೊಂಡ ಪ್ರವಾದಿಯೊಬ್ರು ಕಣ್ಣು ಹೋಗೋವರೆಗೂ ಅತ್ರಂತೆ, ನೀವೇ ಹೇಳಿದ್ದು. ಆದ್ರೆ ಅವರು ಯಾರ ತಲೆನೂ ಒಡೀಲಿಲ್ಲ.”

ಚಾಚಾ ತೆವಳಿಕೊಂಡೇ ಹತ್ತಿರ ಬಂದು, ಒದ್ದೆ ಬಟ್ಟೆಯಿಂದ ಅವಳ ಹುಬ್ಬು ಒರೆಸಿದರು. ಕ್ಷಮಿಸು ಎನ್ನಲು ದನಿಯಿಲ್ಲ, ಬರೆಯಲು ಸ್ಲೇಟೂ ಇಲ್ಲ. ಅವಳ ಕೈ ಹಿಡಿದು ಹಣೆಗೊತ್ತಿಕೊಂಡರು. ಅವಳ ಕೈ ಬಹಳ ಹೊತ್ತು ಸೆಟೆದೇ ಇತ್ತು. ಆಮೇಲೆ, “ಗಂಜಿ ಆರಿದೆ, ಕುಡೀರಿ,” ಎಂದಳು.

ಮರುದಿನ ಚಾಚಾ ಮಸೀದಿಗೆ ಹೋದರು. ಹಿಂದಿನ ಸಾಲಿನ ಮೂಲೆಯಲ್ಲಿ ನಿಂತರು. ಹೆದರಿದ್ದಂತೆಯೇ ಆಯಿತು: ಸಜ್ದಾದಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂದು, ಕಫ ಚಾಪೆಗೆ ಬಿತ್ತು. ಪಕ್ಕದವನು ಸರಿದು ನಿಂತ. ನಮಾಜ್ ಮುಗಿದ ಮೇಲೆ ತಗಡಿನವನು ಬಂದು, ತನ್ನ ಹೆಗಲ ಬಟ್ಟೆಯಿಂದಲೇ ಅದನ್ನು ಒರೆಸಿದ.

“ಚಾಚಾ, ನಂಗೆ ಅರ್ಧಕ್ಕೇ ಉಸಿರು ಮುಗಿದುಹೋಗುತ್ತೆ. ಹೇಗೆ ಹಿಡಿಯೋದು ತೋರಿಸಿಕೊಡ್ತೀರಾ?”

ಚಾಚಾ ಮುಖ ತಿರುಗಿಸಿದರು. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಆರುವಂಥದ್ದಲ್ಲ. ಹದಿನೈದು ದಿನ ಹಿಡಿಯಿತು. ಆಮೇಲೊಂದು ಬೆಳಿಗ್ಗೆ ಅವನ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಎಲ್ಲಿಂದ ತುಂಬಬೇಕು, ಎಲ್ಲಿ ಬಿಡಬೇಕು ಎಂದು ಒತ್ತಿ ತೋರಿಸಿದರು. ತಗಡು ತಗಡಾಗಿಯೇ ಉಳಿಯಿತು. ಉಸಿರು ಮಾತ್ರ ಕೊನೆಯವರೆಗೆ ನಿಂತಿತು.

ಅಷ್ಟರಲ್ಲಿ ಕತ್ತಿನ ಬಲಗಡೆ ಗಂಟು ಎದ್ದಿತು. ಡಾಕ್ಟರು ಮುಟ್ಟಿ ನೋಡಿ, ಈ ಸಲ ಕೊಯ್ಯುವುದಕ್ಕೆ ಏನೂ ಉಳಿದಿಲ್ಲ ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಗಂಡಹೆಂಡತಿ ಇಬ್ಬರೂ ಅತ್ತರು. ಹೋಗಿಬರುವವರು ನೋಡಿದರು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ, ಅವರೂ ಇಲ್ಲ. ಅತ್ತು ಮುಗಿಸಿ, ಬಸ್ಸು ಹಿಡಿದು ಮನೆಗೆ ಬಂದರು.

ಕಾಲು ನಿಂತಷ್ಟು ದಿನ ಮಸೀದಿಗೆ ಹೋದರು. ಆಮೇಲೆ ಕುರ್ಚಿ, ಆಮೇಲೆ ಹಾಸಿಗೆ. ನೀರು ಮುಟ್ಟಲಾಗದ ಕಾಲ ಬಂದಾಗ ಹೆಂಡತಿ ವುಜೂವಿನ ನೀರಿನ ಬದಲು ತಟ್ಟೆಯಲ್ಲಿ ಒಣ ಮಣ್ಣು ತಂದು, ಅವರ ಅಂಗೈಯನ್ನು ಅದಕ್ಕೆ ತಟ್ಟಿಸಿ, ಮುಖಕ್ಕೂ ಕೈಗಳಿಗೂ ಸವರಿಸುತ್ತಿದ್ದಳು. ಒಂದು ದಿನ, ಇಳಿಹೊತ್ತಿನ ಅಸರ್ ನಮಾಜಿನ ಸಮಯ. ನೋವಿನ ಗುಳಿಗೆಯ ಬಲ ಇಳಿದು ಕತ್ತು ಸಿಡಿಯುತ್ತಿತ್ತು. ಮೈ ಬಾಗದ್ದರಿಂದ ಚಾಚಾ ಕಣ್ಣರೆಪ್ಪೆ ಇಳಿಸಿಯೇ ನಡುಬಾಗುವ ರುಕೂ ಮಾಡಿದರು, ಇನ್ನಷ್ಟು ಇಳಿಸಿ ಸಜ್ದಾ ಮಾಡಿದರು. ನಾಲ್ಕು ಸುತ್ತಿನ ಆ ನಮಾಜಿನ ಮೂರನೆಯ ರಕಅತ್ತಿನಲ್ಲಿ ಕೆಮ್ಮು ಬಂದು ಎಲ್ಲ ಕಲಸಿಹೋಯಿತು. ಹೆಂಡತಿ ನಳಿಕೆ ತೊಳೆದು ಕೂರಿಸಿದಳು. ಎಲ್ಲಿಯವರೆಗೆ ಬಂದಿದ್ದೆ ಎಂದು ಅವರು ನೆನೆದು ನೋಡಿದರು, ಹೊಳೆಯಲಿಲ್ಲ. ಮೊದಲಿನಿಂದ ಶುರುಮಾಡಿದರು.