ಒಂದೆಳೆ ಹಳದಿ

ನೀರು ಬೆರೆತ ಹಾಲು ಬೀಳುವ ಸದ್ದೇ ಬೇರೆ, ಕೊಂಚ ಕೀರಲು, ಗಟ್ಟಿ ಹಾಲಾದರೆ ಬಾಯಿ ತುಂಬ ಅನ್ನವಿಟ್ಟುಕೊಂಡು ಮಾತಾಡಿದ ಹಾಗೆ ದಪ್ಪಗೆ ಬೀಳುತ್ತದೆ, ಈಗ ಬೀಳುತ್ತಿರುವುದು ವೆಂಕಟರಾಯಪ್ಪನವರದು, ಒಂದು ಲೋಟ ನೀರು, ಹೆಚ್ಚೆಂದರೆ ಒಂದೂವರೆ, ಯಂತ್ರಕ್ಕಿಂತ ಮೊದಲು ನನ್ನ ಕಿವಿ ಹೇಳಿತು, ಆಮೇಲೆ ಯಂತ್ರ ಕೀಂ ಅಂದು ಚೀಟಿ ಉಗುಳಿತು, ಡಿಗ್ರಿ ಇಪ್ಪತ್ತೈದು, ಇಪ್ಪತ್ತೆಂಟಾದರೂ ಇರಬೇಕಿತ್ತು, ಏನವ್ವಾ ಚಂದ್ನಾ ನಿನ್ ಮಿಷನ್ನು ನನ್ ಕಂಡ್ರೆ ಮಾತ್ರ ಮುನಿಸ್ಕೊಳ್ತದೆ, ಕ್ಯಾನು ತೊಳ್ದಾಗ ಉಳ್ಕಂಡಿರೋ ನೀರು ಕಣವ್ವಾ, ಹೌದು ತಾತ ದಿನಾ ಉಳ್ಕೊಳ್ಳುತ್ತೆ, ಅಂದೆ — ಸಾಲು ನಕ್ಕಿತು. ಹನ್ನೊಂದು ವರ್ಷದಿಂದ ಈ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದೇನೆ, ಹನ್ನೊಂದು ವರ್ಷದಿಂದ ಇದೇ ಮಾತು, ಇದೇ ನಗು, ಇವತ್ತು ಮಾತ್ರ ನಗು ಬೇಗ ಮುಗಿಯಿತು, ಎಲ್ಲರ ತಲೆ ಮತ್ತೆ ಮೊಬೈಲಿಗೆ ಬಾಗಿತು, ಅಲ್ಲಿ ಏನಿದೆ ಅಂತ ನಾನು ಇಣುಕಬೇಕಿಲ್ಲ, ಅಲ್ಲಿರುವುದು ನನ್ನ ಕೈ.

ಕೈ ಮಾತ್ರ, ಮುಖವಿಲ್ಲ, ಎರಡು ಹಸಿರು ಬಳೆ, ಬೆರಳ ನಡುವೆ ಗಾಜಿನ ಟ್ಯೂಬು, ಅದರಲ್ಲಿ ಹಾಲು, ಮೇಲಿನಿಂದ ಔಷಧಿಯ ಹನಿ, ಹನಿ ಹರಡಿದ ಕಡೆಯೆಲ್ಲ ಅರಿಶಿನ ಕಲಸಿದ ಹಾಗೆ ಹಳದಿ, ಹತ್ತೊಂಬತ್ತು ಸೆಕೆಂಡು, ಕೆಳಗೆ ಕೆಂಪು ಅಕ್ಷರ — ದ್ಯಾವಮ್ಮನ ಹಾಲಿನಲ್ಲಿ ಯೂರಿಯಾ, ನಿಮ್ಮ ಮಕ್ಕಳ ಹೊಟ್ಟೆಗೆ ವಿಷ, ಡೇರಿ ಪರೀಕ್ಷೆಯಲ್ಲೇ ಸಾಬೀತು. ನನ್ನ ಹೆಸರು ಹಾಕಿಲ್ಲ, ಸಂಭಾವನೆಯನ್ನಂತೂ ಕೊಟ್ಟಿಲ್ಲ. ಹೋದ ತಿಂಗಳು ಶಾಲೆ ಮುಂದೆ ಶಾಮಿಯಾನ ಹಾಕಿ ಕಲಬೆರಕೆ ಕಂಡುಹಿಡಿಯುವುದು ಹೇಗೆ ಅಂತ ನಾನೇ ತೋರಿಸಿದ್ದು, ನಮ್ಮ ಮನೆಯದೇ ಒಂದು ಚೊಂಬು ಹಾಲು, ಅದಕ್ಕೆ ಎಲ್ಲರ ಕಣ್ಣೆದುರು ಒಂದು ಚಿಟಿಕೆ ಯೂರಿಯಾ ಹಾಕಿ ಕದಡಿದೆ, ನೋಡಿ ಹೀಗೆ ಹಳದಿಯಾಗುತ್ತೆ, ಶುದ್ಧ ಹಾಲಿನಲ್ಲೂ ಒಂದೆಳೆ ಹಳದಿ ಇದ್ದೇ ಇರುತ್ತೆ, ಅದಕ್ಕೆ ಹೆದರ್ಕೋಬೇಡಿ, ಇಷ್ಟು ಗಾಢ ಆದ್ರೆ ಮಾತ್ರ ಯೂರಿಯಾ — ಬಿಎಸ್ಸಿ ಓದಿದ್ದು ಒಂದು ದಿನವಾದರೂ ಊರಿಗೆ ಕೆಲಸಕ್ಕೆ ಬಂತಲ್ಲ ಅಂತ ಒಳಗೊಳಗೆ ಬೀಗಿದ್ದೆ, ಕೆಲಸಕ್ಕೆ ಬಂದಿದೆ, ನಾನಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಬಂದಿದೆ. ಪಕ್ಕದಲ್ಲಿ ನಿಂತು ವಿಡಿಯೋ ಮಾಡಿದವರು ನಮ್ಮ ಸೆಕ್ರೆಟರಿ ಶ್ರೀಧರಣ್ಣ, ದಾಖಲೆಗೆ ಬೇಕು ಮೇಡಂ ಅಂದಿದ್ದರು, ಚಿಟಿಕೆ ಹಾಕಿದ್ದನ್ನು ಕತ್ತರಿಸಿದ್ದಾರೆ, ಹಳದಿಯನ್ನು ಉಳಿಸಿಕೊಂಡಿದ್ದಾರೆ.

ಭಾನುವಾರ ಚುನಾವಣೆ. ಡೇರಿ ಅಧ್ಯಕ್ಷ ಭೀಮರಾಜ್, ಎದುರಿಗೆ ನಿಂತಿರುವುದು ಎರಡು ಹಸುವಿನ ದ್ಯಾವಮ್ಮ, ಹೋದ ವರ್ಷದ ಸಭೆಯಲ್ಲಿ ಎದ್ದು ನಿಂತು ಡೇರೀಲಿ ಕೊಡೋ ಹಿಂಡಿ ಮೂಟೆ ಮ್ಯಾಲೆ ಐವತ್ತು ಕೇಜಿ ಅಂತ ಬರ್ದವ್ರೆ, ನಮ್ಮನೆ ತಕ್ಕಡೀಲಿ ನಲವತ್ತಾರೇ ಬತ್ತದೆ, ಮಿಕ್ಕಿದ್ದು ಯಾವ ಹಸ ತಿಂತು ಭೀಮಣ್ಣಾ ಅಂತ ಕೇಳಿದವಳು, ಸಭೆಯೆಲ್ಲ ನಕ್ಕಿತ್ತು, ಭೀಮರಾಜನೂ ನಕ್ಕಿದ್ದ, ಎಲ್ಲರಿಗಿಂತ ಕೊನೆಗೆ. ಈಗ ಅವನ ಕಡೆಯಿಂದ ಮನೆಮನೆಗೆ ಕುಕ್ಕರ್ ಬಂದಿದೆ, ಕುಕ್ಕರಿನೊಳಗೆ ನೋಟು, ಬೇಯಿಸಬೇಕಾದ್ದೇನೂ ಇಲ್ಲ, ಹಾಡಹಗಲೇ ಟೆಂಪೋದಲ್ಲಿ ಬಂತು, ಕದ್ದುಮುಚ್ಚಿ ಕೊಡುವ ಸಂಕೋಚವೂ ಈಗ ಯಾರಿಗೂ ಉಳಿದಿಲ್ಲ. ಬೇರೆಯವರು ದೇವರ ಫೋಟೋ ಮುಟ್ಟಿಸಿ ಆಣೆ ಹಾಕಿಸುತ್ತಾರೆ, ಭೀಮರಾಜ್ ಬುದ್ಧಿವಂತ, ನೇರ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಾನೆ, ವೋಟು ನಂಗೇ ಅಂತ ನಿಮ್ ಹಸು ಮೈ ಮುಟ್ಟಿ ಹೇಳ್ಬುಡವ್ವಾ ಸಾಕು — ದೇವರಿಗಾದರೆ ತಪ್ಪುಕಾಣಿಕೆ ಕಟ್ಟಬಹುದು, ಕೆಚ್ಚಲು ಬತ್ತಿದರೆ ಅಪೀಲು ಯಾರಿಗೆ. ನಮ್ಮತ್ತೆ ಅಮ್ಮಯಮ್ಮನೂ ಮುಟ್ಟಿದರು, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ, ರಾತ್ರಿ ನಾನು, ಅತ್ತೆ ಆ ವಿಡಿಯೋದಲ್ಲಿರೋದು ನಮ್ಮನೆ ಹಾಲು, ನಾಳೆ ಡೇರೀಲಿ ಹೇಳ್ಬಿಡ್ತೀನಿ ಅಂದರೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು, ಏಳು ತಿಂಗಳ ಗಬ್ಬದ ಹಸ ಕಣೆ ಅದು, ಆಣೆ ಮುರ್ದು ಅದಕ್ಕೇನಾರಾ ಆಯ್ತೋ ನಿನ್ ತಲೆ ಮ್ಯಾಲೇ. ಶ್ರೀಧರಣ್ಣನದು ಇನ್ನೂ ನಯ, ಭಾನುವಾರ ಕಳೀಲಿ ಮೇಡಂ, ನಿಮ್ ಕೆಲ್ಸ ಕಾಯಂ ಮಾಡೋ ವಿಷ್ಯ ಮೀಟಿಂಗಿಗೆ ಇಡ್ತಿದೀವಿ, ಎರಡು ದಿನ ನೀವು ನಿಮ್ ಕಾದಂಬರಿ ಓದ್ಕೊಂಡಿರಿ — ಯಂತ್ರದ ಹಿಂದೆ ಬಚ್ಚಿಟ್ಟ ಪುಸ್ತಕವನ್ನೂ ನೋಡಿದ್ದಾರೆ, ಅದರಲ್ಲೂ ಹೀಗೆ ಸುಮ್ಮನಿದ್ದವರ ಕಥೆಯೇ, ಓದುವಾಗ ಛೇ ಅಂದುಕೊಳ್ಳುತ್ತಾ ಪುಟ ತಿರುಗಿಸುತ್ತಿದ್ದೆ.

ದ್ಯಾವಮ್ಮ ಬಂದಳು. ಸಾಲಿನಲ್ಲಿ ಅವಳ ಹಿಂದೆ ಮುಂದೆ ಒಂದೊಂದು ಮಾರು ಜಾಗ, ಯಾರೂ ಹೇಳಿಕೊಟ್ಟಿಲ್ಲ, ತಾನಾಗಿ ಬಿಟ್ಟುಕೊಂಡಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಲು ಸುರಿಯುತ್ತಾಳೆ, ದಪ್ಪ ಸದ್ದು, ಕಣ್ಣು ಮುಚ್ಚಿದರೂ ಹೇಳಬಲ್ಲೆ, ಫ್ಯಾಟು ನಾಲ್ಕು ಪಾಯಿಂಟ್ ಎರಡು, ಡಿಗ್ರಿ ಇಪ್ಪತ್ತೊಂಬತ್ತು, ಇನ್ನು ದೊಡ್ಡ ಕ್ಯಾನಿಗೆ ಸುರಿಯಬೇಕು, ಆಗ — ಅದನ್ನ ನಮ್ ಹಾಲಿಗೆ ಬೆರಸ್ಬೇಡ ಕಣವ್ವಾ, ಮಕ್ಳುಮರಿ ಕುಡ್ಯೋದು — ವೆಂಕಟರಾಯಪ್ಪನವರು, ಒಂದೂವರೆ ಲೋಟ ನೀರಿನ ವೆಂಕಟರಾಯಪ್ಪನವರು! ನಾನು ನಗಬೇಕಿತ್ತು, ನಗು ಬರುವ ಜಾಗದಲ್ಲಿ ಮಾತು ಬಂದುಬಿಟ್ಟಿತು, ಆ ವಿಡಿಯೋದಲ್ಲಿರೋದು ನನ್ ಕೈ ತಾತ, ಹಾಲು ನಮ್ಮನೇದು, ಯೂರಿಯಾ ಹಾಕಿದ್ದು ನಾನೇ, ನೀವೂ ಮುಂದಿನ ಕುರ್ಚೀಲಿ ಕೂತು ನೋಡಿದ್ರಿ, ಹಿಡ್ಕೊಂಡಿದ್ದು ಶ್ರೀಧರಣ್ಣನ ಫೋನು, ಬೇಕಾದದ್ದು ಇಟ್ಕೊಂಡು ಬೇಡದ್ದು ಕತ್ತರಿಸಿದಾರೆ, ಸುಳ್ಳು, ಪೂರ್ತಿ ಸುಳ್ಳು — ನನ್ನ ದನಿ ನೀರುಹಾಲಿನ ಹಾಗೆ ಕೀರಲಾಗಿತ್ತು, ಅದೂ ನನ್ನ ಕಿವಿಗೆ ಕೇಳಿತು. ಒಳಗಿನಿಂದ ಶ್ರೀಧರಣ್ಣ, ಮೇಡಂ ಇದು ಭಾಷಣದ ಜಾಗ ಅಲ್ಲ, ಯಾರೋ ಹಿಂದಿನಿಂದ, ಹಂಗಾದ್ರೆ ತೋರ್ಸವ್ವಾ, ಈಗ್ಲೇ ತೋರ್ಸು — ತೋರಿಸ್ತೀನಿ ಅಂದೆ, ತೋರಿಸದೆ ಏನು, ದ್ಯಾವಕ್ಕ ಒಂಚೂರು ಹಾಲು ಕೊಡಿ — ಅವಳು ತಕ್ಷಣ ಕೊಡಲಿಲ್ಲ, ನನ್ನನ್ನೊಮ್ಮೆ ನೋಡಿದಳು, ಆಮೇಲೆ ಕೊಟ್ಟಳು. ಹತ್ತು ಮೊಬೈಲು ಮೇಲೆದ್ದವು. ಟ್ಯೂಬು, ಹಾಲು, ಅದೇ ಹಸಿರು ಬಳೆ, ಕಿಟಕಿಯ ಬೆಳಕಿಗೆ ಹಿಡಿದೆ, ಹನಿ ಬಿಟ್ಟೆ, ಹನಿ ಇಳಿಯಿತು, ಒಂದೆಳೆ — ಒಂದೇ ಎಳೆ ಹಳದಿ — ನಿಂತಿತು, ಹರಡಲಿಲ್ಲ, ಹಾಲು ಹಾಲಾಗೇ ಉಳಿಯಿತು. ನೋಡಿ, ಅಂದೆ. ನೋಡಿದರು. ಯಾರ ಮುಖದಲ್ಲೂ ಆಶ್ಚರ್ಯವಿಲ್ಲ, ನಾಚಿಕೆಯೂ ಇಲ್ಲ, ಬಸ್ಸು ತಡವಾದಾಗ ಇರುವಂಥ ಮುಖ, ವೆಂಕಟರಾಯಪ್ಪನವರು ಅಂಗೈಯಿಂದ ಗಡ್ಡ ಒರೆಸಿಕೊಂಡರು, ಗೊತ್ತಿಲ್ದೆ ಏನವ್ವಾ, ನನ್ ಮೊಮ್ಮಗು ಕುಡ್ದು ಬೆಳೆದದ್ದೇ ದ್ಯಾವಮ್ಮನ ಹಾಲು, ಆದ್ರೆ ಹಸ ಮುಟ್ಬುಟ್ಟಿದೀವಲ್ಲ, ಈಗ ಅವ್ಳಿಗೆ ವೋಟು ಹಾಕಂಗಿಲ್ಲ, ಹಾಕ್ದೆ ಇರಕ್ಕೆ ಒಂದು ಕಾರಣ ಬೇಡ್ವಾ, ಬುಡು, ಹೊತ್ತಾಯ್ತು, ಹಾಲು ಕೆಡ್ತದೆ.

ಕಾರಣ — ಅಷ್ಟೇ, ಎರಡು ದಿನದಿಂದ ನಾನು ಸುಳ್ಳನ್ನು ನಂಬಿದವರಿಗಾಗಿ ಮಾತು ಜೋಡಿಸುತ್ತಿದ್ದೆ, ನಂಬಿದವರು ಒಬ್ಬರೂ ಇಲ್ಲ, ಅದನ್ನು ನಂಬಲಿ ಅಂತ ಕಳಿಸಿದ್ದೇ ಅಲ್ಲ, ಕುಕ್ಕರಿನ ಜೊತೆ ಬರುವ ರಬ್ಬರ್ ಉಂಗುರದ ಹಾಗೆ, ಅದಿಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ, ಹಣ ತೆಗೆದುಕೊಂಡೆ ಅನ್ನುವುದಕ್ಕಿಂತ ವಿಷ ಕಂಡೆ ಅನ್ನುವುದು ಗೌರವ, ಇಷ್ಟು ಸಣ್ಣ ವಿಷಯ ಯಾವ ಪುಸ್ತಕವೂ ನನಗೆ ಹೇಳಲಿಲ್ಲವಲ್ಲ, ಸಾಲು ಮುಂದೆ ಸರಿಯಿತು, ಶ್ರೀಧರಣ್ಣ ಕಾಗದದಲ್ಲಿ ಏನೋ ಬರೆದುಕೊಳ್ಳುತ್ತಿದ್ದಾರೆ, ಬರೆದುಕೊಳ್ಳಲಿ, ಹೇಳಿದ್ದೇನಲ್ಲ, ನಾನಾದರೂ ಹೇಳಿದ್ದೇನೆ, ಈ ಊರಿನಲ್ಲಿ ದ್ಯಾವಮ್ಮನ ಪರ ಒಬ್ಬಳಾದರೂ — ಅವಳು ಚೀಟಿ ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡು ಹತ್ತಿರ ಬಂದಳು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, ಅವ್ರ ಮಾತು ಬುಡು ಮಗಾ, ಅವ್ರಿಗೆ ಗೊತ್ತಿತ್ತು, ನೀನು ಹನಿ ಬುಟ್ಯಲ್ಲಾ, ಆವಾಗ ನಾನು ಟ್ಯೂಬ್ ನೋಡ್ಲಿಲ್ಲ, ನಿನ್ ಮಖ ನೋಡ್ತಿದ್ದೆ, ನಿಂಗೂ ಒಂದ್ ಗಳಿಗೆ ಅನುಮಾನ ಬಂತಲ್ಲಾ. ಕ್ಯಾನು ಎತ್ತಿಕೊಂಡು ಹೋದಳು. ಇಲ್ಲ ದ್ಯಾವಕ್ಕ, ನಾನು ಬೆಳಕು ಸಾಲದೆ ಕಣ್ಣು ಕಿರಿದು ಮಾಡಿದ್ದು, ಉಸಿರು ಹಿಡಿದದ್ದು ಹನಿ ಹೆಚ್ಚು ಬೀಳಬಾರದು ಅಂತ, ಶುದ್ಧ ಹಾಲಿನಲ್ಲೂ ಒಂದೆಳೆ ಇರುತ್ತೆ, ನನಗೆ ಗೊತ್ತು, ಹನ್ನೊಂದು ವರ್ಷದಿಂದ ಗೊತ್ತು, ಊರಿಗೆಲ್ಲ ಹೇಳಿಕೊಟ್ಟವಳೇ ನಾನು — ಹನಿ ಇಳಿಯುತ್ತದೆ, ಎಳೆ ಬಿಚ್ಚಿಕೊಳ್ಳುತ್ತದೆ, ನಿಲ್ಲುತ್ತದೆ ಅಂತ ನನಗೆ — ಹನಿ ಇಳಿಯುತ್ತದೆ, ಒಂದೆಳೆ, ಹರಡಿಬಿಟ್ಟರೆ — ಒಂದೆಳೆ ಹಳದಿ