ಬಿಟ್ಟು ಬಂದ ಕೂಸು

"ಯಾರು ಹೊಡೆದದ್ದು ಮಗಾ? ಹೇಳು, ಹೆದರಬೇಡ."

ವಾರಿಜಾ ಫ್ರಾಕನ್ನು ಮೆಲ್ಲಗೆ ಎತ್ತಿ ನೋಡಿದಳು. ಎಂಟು ವರ್ಷದ ಭುವನೇಶ್ವರಿಯ ಬೆನ್ನ ತುಂಬ ಬೆಲ್ಟಿನ ಬಾಸುಂಡೆ. ಹುಡುಗಿ ಮಾತ್ರ ಹಿಡಿದ ಮಾತು ಬಿಡಲಿಲ್ಲ. "ಯಾರೂ ಹೊಡದಿಲ್ರೀ ಅಕ್ಕಾರ. ನಾನ ಬಿದ್ದೀನಿ."

ಶಾಲೆಯ ಟೀಚರ್ ಫೋನ್ ಮಾಡಿದ್ದರಿಂದಲೇ ಮಕ್ಕಳ ರಕ್ಷಣೆಯ ಕೆಲಸದ ವಾರಿಜಾ ವಿಕ್ರೋಳಿಯ ಈ ಚಾಳಿನ ಕೋಣೆಗೆ ಬಂದಿದ್ದಳು. ಹುಡುಗಿಯ ತಾಯಿ ಹಾಲವ್ವ ಗೋಡೆಗೊರಗಿ ಒಂದೂವರೆ ವರ್ಷದ ಚಿಕ್ಕವನಿಗೆ ಹಾಲೂಡುತ್ತಿದ್ದಳು. ಭುವನೇಶ್ವರಿ ಮೊದಲ ಗಂಡನ ಮಗಳು. ಮಡಿಲಲ್ಲಿದ್ದ ಅನಿಲ ಈಗಿನ ಗಂಡ ಈಶ್ವರನ ಮಗ. ಈಶ್ವರ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದ.

"ಗಂಡ ಇವನಿಗೂ ಹೊಡೀತಾನಾ?" ವಾರಿಜಾ ಹಾಲವ್ವನನ್ನು ಕೇಳಿದಳು.

"ಅಯ್ಯ, ಅಂವಂದ ಕೂಸ್ರೀ ಇದು. ಉಗುರ ಸೈತ ತಾಗಸಂಗಿಲ್ಲ," ಎಂದಳು ಹಾಲವ್ವ, ಮುಖ ಎತ್ತದೆ.

ವಾರಿಜಾ ಕೂಸಿನ ಅಂಗಿ ಬಿಚ್ಚಿ ನೋಡಿದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಹಿರಿಯ ಅಧಿಕಾರಿ ಶ್ರೇಯಾಗೆ ಫೋನ್ ಹಚ್ಚಿದರೆ, "ನೋಡ್ತಾ ಇರೋದು ನೀನು, ನೀನೇ ಹೇಳು," ಎಂದಳು. ಎರಡೂ ಮಕ್ಕಳನ್ನು ಒಯ್ಯಬೇಕೆಂದು ಒಳಗೆ ಏನೋ ಚುಚ್ಚಿತು. ಆದರೆ ಯಾವ ಆಧಾರದ ಮೇಲೆ? ಮೊಲೆಗೆ ಬಾಯಿಟ್ಟ ಕೂಸನ್ನು ಕಿತ್ತುಕೊಳ್ಳಲು ಕೈ ಬರಲಿಲ್ಲ. ಹುಡುಗಿ ಸಾಕು ಎಂದು ತೀರ್ಮಾನಿಸಿದಳು.

ಭುವನೇಶ್ವರಿ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಚೀರಿದಳು. "ಅನಿಲ್ಯಾನ್ನೂ ಕರ್ಕೊಳ್ರೀ! ಇಲ್ಲಾಂದ್ರ ನಾ ಬರಂಗಿಲ್ಲ!" ಒಡಹುಟ್ಟಿದವರ ಕರುಳು ಎಂದುಕೊಂಡ ವಾರಿಜಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಅಂಧೇರಿಯ ಮಕ್ಕಳ ಹೋಮಿನಲ್ಲಿ ಹುಡುಗಿ ಯಾರೊಂದಿಗೂ ಮಾತಾಡಲಿಲ್ಲ. ಮುಂದಿನ ವಾರ ವಾರಿಜಾ ನೋಡಲು ಹೋದ ಬೆಳಿಗ್ಗೆ ತಾನಾಗಿಯೇ ಬಾಯಿಬಿಟ್ಟಳು.

"ಅಂವ ಕುಡದ ಬಂದ್ರ ತಮ್ಮನ್ನ ಹೊಟ್ಟಿ ಕೆಳಗ ಹಾಕ್ಕೊಂಡ ಬೋರಲ ಮಲಗತಿದ್ದೆ. ಎಲ್ಲಾ ನನ್ನ ಬೆನ್ನ ಮ್ಯಾಲ ಬೀಳತಿತ್ತು."

"ಅವತ್ತೇ ಯಾಕೆ ಹೇಳಲಿಲ್ಲ ಮಗಾ?"

"ಖರೇ ಹೇಳಿದ್ರ ಒಯ್ತಾರ ಅಂತ ಅವ್ವ ಹೇಳಿದ್ಲು. ಸುಳ್ಳ ಹೇಳಿದ್ರೂ ಒಯ್ದ್ರಿ."

ವಾರಿಜಾ ಸಿಕ್ಕ ಆಟೋ ಹತ್ತಿ ವಿಕ್ರೋಳಿಗೆ ಓಡಿದಳು. ಕೋಣೆಗೆ ಬೀಗ ಬಿದ್ದಿತ್ತು. ಪಕ್ಕದವರು ಆಸ್ಪತ್ರೆಯ ಹೆಸರು ಹೇಳಿದರು. ಅವಳು ಅಲ್ಲಿ ಮುಟ್ಟುವ ಹೊತ್ತಿಗೆ ಅನಿಲನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಈಶ್ವರನನ್ನು ಪೊಲೀಸರು ಒಯ್ದಿದ್ದರು. ಹಾಲವ್ವ ನೆಲದ ಮೇಲೆ ಕೂತಿದ್ದಳು. ಅವಳ ಕುಪ್ಪಸ ಹಾಲಿನಿಂದ ತೊಯ್ದಿತ್ತು.

ಸಂಜೆ ವಾರಿಜಾ ಹೋಮಿಗೆ ಮರಳಿದಾಗ ಮಕ್ಕಳು ಊಟಕ್ಕೆ ಕೂತಿದ್ದರು. ಭುವನೇಶ್ವರಿ ಅವಳ ಮುಖ ನೋಡಿದವಳೇ ತುತ್ತು ಕೆಳಗಿಟ್ಟಳು.

"ತಮ್ಮಗ ಬಡದಾನ್ರೀ?"

"ಹ್ಞೂಂ... ಕೈಗೆ ಪೆಟ್ಟಾಗಿದೆ," ಎಂದುಬಿಟ್ಟಳು ವಾರಿಜಾ.

"ಯಾವ ಕೈಗ್ರೀ?"

"ಎಡಗೈ."

"ಬಲಗೈ ಚೊಲೊ ಐತಲ್ರೀ. ಉಣ್ಣಾಕ ಬರತೈತಿ."

ಹುಡುಗಿ ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಂಡಳು. ತಟ್ಟೆ ಜಾರುತ್ತಿತ್ತು. ಅದನ್ನು ಮೊಣಕಾಲಿಗೆ ಒತ್ತಿಹಿಡಿದು, ಒಂದೇ ಕೈಯಲ್ಲಿ ಮೆಲ್ಲಗೆ ಅನ್ನ ಕಲಸತೊಡಗಿದಳು.