ಸಾಫಿಯ ಗೋರಿ

ಮೊರಾಕೋದಲ್ಲಿ ಸಾಫಿ ಅಂತ ಒಂದು ಊರಿದೆ ಎಂದು ಡಾಕ್ಟರ್ ಅರುಂಧತಿಗೆ ಗೊತ್ತಾದದ್ದು ಮಗ ಚಿರಾಗನಿಂದ. ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಹೆಂಡತಿ ಮಾಯಾಳೊಂದಿಗಿದ್ದ ಚಿರಾಗ್ ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ವೀಕೆಂಡ್ ಬಂದರೆ ಗರಾಜಿನಲ್ಲಿ ಮಣ್ಣು ಕಲಸುತ್ತಿದ್ದ. "ಅಮ್ಮ, ಅಲ್ಲಿ ಸಮುದ್ರದ ಪಕ್ಕ ಒಂದು ಗುಡ್ಡದ ತುಂಬಾ ಕುಂಬಾರರೇ ಇದಾರಂತೆ. ನೋಡ್ಕೊಂಡು ಬರ್ತೀವಿ," ಎಂದು ಹೊರಟವನು ಮರಳಲಿಲ್ಲ. ಊರಾಚೆಯ ಬಂಡೆಗಳ ಮೇಲೆ ನಿಂತಿದ್ದಾಗ ಅಲೆ ಎಳೆದುಕೊಂಡು ಹೋಯಿತು. ಹೆಣವೂ ಸಿಗಲಿಲ್ಲ. ಮಾಯಾ ಒಬ್ಬಳೇ ಅತ್ತೆ ಮಾವನಿದ್ದ ಸಿಡ್ನಿಗೆ ಬಂದಳು.

ಸಿಡ್ನಿ ಏರ್‌ಪೋರ್ಟಿನಲ್ಲೇ ಅರುಂಧತಿ ಕೇಳಿಬಿಟ್ಟಿದ್ದರು: "ಅಷ್ಟು ಹತ್ರ ಹೋಗ್ಬೇಡ ಅಂತ ಹೇಳೋಕೆ ನಿಂಗೆ ಬಾಯಿರ್ಲಿಲ್ವಾ?"

ಅಲ್ಲಿಗೆ ಅತ್ತೆ ಸೊಸೆಯರ ಮಾತು ನಿಂತಿತು. ಅರುಂಧತಿಯ ಗಂಡ ತಿರುಮಲೇಶ್ ಮಾತ್ರ ಸಿಡ್ನಿಯ ಟೂಂಗಾಬಿ ಬಡಾವಣೆಯ ಮನೆಯಿಂದ ಆಗಾಗ ಫೋನ್ ಮಾಡಿ, "ಊಟ ಆಯ್ತೇನಮ್ಮ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು.

ವರ್ಷ ಕಳೆದ ಮೇಲೆ ಮಾಯಾಳಿಗೆ ಸಾಫಿಯಿಂದ ಮೆಸೇಜ್ ಬಂತು. ಕಳಿಸಿದವನು ಇದ್ರಿಸ್, ಚಿರಾಗ್ ಕೆಲಸ ನೋಡಲು ಹೋಗಿ ಕೂರುತ್ತಿದ್ದದ್ದು ಈ ಕುಂಬಾರನ ಹತ್ತಿರವೇ. ಚಳಿಗಾಲದಲ್ಲಿ ಊರ ದಕ್ಷಿಣಕ್ಕೆ ಒಬ್ಬ ಗಂಡಸಿನ ಹೆಣ ದಡಕ್ಕೆ ಬಂದು ಬಿದ್ದಿತ್ತು. ಗುರುತು ಹಿಡಿಯುವ ಹಾಗಿರಲಿಲ್ಲ. ಪೊಲೀಸರು ಡಿಎನ್‌ಎಗಾಗಿ ಮೂಳೆಯ ಚೂರು ತೆಗೆದಿಟ್ಟುಕೊಂಡ ಮೇಲೆ ಊರಿನವರೇ ಹೂತಿದ್ದರು.

ಹೋಲಿಸಿ ನೋಡಲು ತಾಯಿಯ ಸ್ಯಾಂಪಲ್ಲನ್ನು ಸಿಡ್ನಿಯಿಂದಲೇ ಕಳಿಸಬಹುದಿತ್ತು. ಅರುಂಧತಿ ಒಪ್ಪಲಿಲ್ಲ, ತಾವೇ ಹೋಗಿ ನೋಡಬೇಕೆಂದರು. ಬೈಪಾಸ್ ಆಗಿದ್ದ ತಿರುಮಲೇಶರನ್ನು ಅವರ ಹಾರ್ಟ್ ಡಾಕ್ಟರು ವಿಮಾನ ಹತ್ತಲು ಬಿಡಲಿಲ್ಲ. ಕೊನೆಗೆ ಅತ್ತೆ ಸೊಸೆಯರೇ ಹೊರಟರು.

ಸಾಫಿಯಲ್ಲಿ ಗುಡ್ಡದ ತುಂಬಾ ಮಡಕೆ ಸುಡುವ ಗೂಡುಗಳ ಹೊಗೆ. ಮೆಟ್ಟಿಲುಗಳ ಇಕ್ಕೆಲದಲ್ಲೂ ನೀಲಿ ತಟ್ಟೆಗಳು, ಹೂಜಿಗಳು. ಇದ್ರಿಸ್ ತನ್ನ ಅಂಗಡಿಯ ಹಿಂದೆ, ಕಾಲಿನಿಂದ ಒದ್ದು ತಿರುಗಿಸುವ ಚಕ್ರದ ಹತ್ತಿರ ಕರೆದೊಯ್ದು, "ಇಲ್ಲಿ ಕೂರ್ತಿದ್ದ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಲ್ಲಿ ಆಗ ಯಾರೋ ಪ್ರವಾಸಿ ಹುಡುಗಿ ಕೂತು ಕೈ ಕೆಸರು ಮಾಡಿಕೊಂಡು ನಗುತ್ತಿದ್ದಳು. ಅರುಂಧತಿ ಮುಖ ತಿರುಗಿಸಿಕೊಂಡರು.

ಗೋರಿ ಸ್ಮಶಾನದ ಗೋಡೆಯ ಪಕ್ಕದಲ್ಲಿತ್ತು. ಹೆಸರು ಗೊತ್ತಿಲ್ಲದ್ದರಿಂದ ಇದ್ರಿಸ್ ಅದರ ತಲೆಯ ಕಡೆ ತಾನೇ ಮಾಡಿದ, ಏನೂ ಬರೆಯದ ಒಂದು ಮಣ್ಣಿನ ಬಿಲ್ಲೆ ನೆಟ್ಟಿದ್ದ. ಅರುಂಧತಿ ಮಣ್ಣಿನ ಮೇಲೆ ಅಂಗೈ ಊರಿ ಕೂತರು, ಮಗುವನ್ನು ತಟ್ಟಿ ಮಲಗಿಸುವವರ ಹಾಗೆ ತಟ್ಟಿದರು. ಆಮೇಲೆ ಗಂಡನಿಗೆ ಫೋನ್ ಮಾಡಿದರು.

"ಇವನೇ ಕಣ್ರೀ. ನಂಗೆ ಗೊತ್ತಾಯ್ತು."

"ರಿಪೋರ್ಟ್ ಬರ್ಲಿ, ಅರು. ಬಂದ್ಮೇಲೆ ಮನೆಗೆ ಕರ್ಕೊಂಡ್ಬರೋಣ. ದಹನ ಆಗ್ಬೇಕು."

"ಬೇಡ. ಇಲ್ಲೇ ಇರ್ಲಿ. ಮತ್ತೆ ಯಾರೂ ಅಗೀಬೇಡಿ."

ಪೊಲೀಸ್ ಠಾಣೆಯಲ್ಲಿ ಅರುಂಧತಿ ಕೆನ್ನೆಯ ಒಳಗಿಂದ ಸ್ಯಾಂಪಲ್ ಕೊಟ್ಟ ಮೇಲೆ ಇಬ್ಬರೂ ವಾಪಸಾದರು. ಮನೆಗೆ ಬಂದ ಅರುಂಧತಿ ಒಂದು ವರ್ಷದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದರು.

ರಿಪೋರ್ಟ್ ಬಂದದ್ದು ಹೆಂಡತಿಯಾದ ಮಾಯಾಳ ಹೆಸರಿಗೆ. ಅದನ್ನು ಫೋನಿನಲ್ಲಿ ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಮೆಲ್ಬರ್ನ್‌ನಿಂದ ಬೆಳಗಿನ ಫ್ಲೈಟ್ ಹಿಡಿದು ಟೂಂಗಾಬಿಗೆ ಬಂದಳು. ತಿರುಮಲೇಶ್ ಬಾಗಿಲು ತೆಗೆದರು. ಅರುಂಧತಿ ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದರು.

"ಅತ್ತೆ, ಅದು ಚಿರಾಗ್ ಅಲ್ಲ," ಎಂದಳು ಮಾಯಾ ನಿಂತಲ್ಲಿಂದಲೇ. "ಯಾರೋ ಬೇರೆಯವರು."

ಅರುಂಧತಿಯ ಕೈ ನಿಂತಿತು. ತಿರುಮಲೇಶ್ ಮಾತ್ರ ಸೊಸೆಯ ಹತ್ತಿರ ಬಂದರು. ಅವರ ಮುಖ ಅರಳಿತ್ತು.

"ಹಾಗಾದ್ರೆ ಎಲ್ಲೋ ಇರ್ಬಹುದು, ಅಲ್ವೇನಮ್ಮ? ಯಾವುದಾದ್ರೂ ಬೋಟ್‌ನವರು ಎತ್ಕೊಂಡಿರ್ಬಹುದು. ನೆನಪು ಹೋಗಿರುತ್ತೆ, ಅಷ್ಟೇ. ಪೇಪರಲ್ಲಿ ಬರುತ್ತಲ್ಲ ಅಂಥಾದ್ದು..."

"ಇಲ್ಲ ಮಾವ."

"ನಿಂಗೆ ಹೇಗೆ ಗೊತ್ತು?"

"ನಾನು ನೋಡಿದೆ." ಇಷ್ಟು ದಿನ ಯಾರಿಗೂ ಹೇಳದ್ದನ್ನು ಮಾಯಾ ಹೇಳಿದಳು. "ಮೊದಲ ಅಲೆ ಎಳ್ದಾಗ ಅವರು ಬಂಡೆ ಹಿಡ್ಕೊಂಡಿದ್ರು. ನಾನು ಮಂಡಿಯೂರಿ ದುಪಟ್ಟಾ ಇಳಿಬಿಟ್ಟೆ. ತುದಿ ಸಿಕ್ತು ಅವರಿಗೆ. ಎಳೀತಿದ್ದೆ. ನಾನೂ ಜಾರೋಕೆ ಶುರುವಾದಾಗ ಅವರೇ ಬಿಟ್ರು, ಮಾವ. ಎರಡನೇ ಅಲೆ ತಲೇನ ಬಂಡೆಗೆ ಅಪ್ಪಳಿಸ್ತು. ಆಮೇಲೆ ಈಜ್ಲಿಲ್ಲ. ನೀರು ಎತ್ತ ತಿರುಗಿಸಿದ್ರೆ ಅತ್ತ ತಿರುಗ್ತಿದ್ರು."

ತಿರುಮಲೇಶ್ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತರು. ಅರುಂಧತಿ ಎದ್ದು ಬಂದು ಸೊಸೆಯ ಎರಡೂ ಕೈಗಳನ್ನು ಹಿಡಿದರು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಏರ್‌ಪೋರ್ಟಲ್ಲಿ ನೀವು ಹಾಗೆ ಕೇಳಿದ ಮೇಲೆ ಹೇಳೋಕಾಗ್ಲಿಲ್ಲ."

ಅರುಂಧತಿ ಅವಳ ಕೈ ಬಿಡಲಿಲ್ಲ.

ಮುಂದಿನ ವಾರ ಪುರೋಹಿತರನ್ನು ಕರೆಸಿದರು. ದೇಹ ಸಿಗದವರಿಗೆ ಮಾಡುವಂತೆ ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ ಸುಡಬೇಕೆಂದು ಅವರು ಹೇಳಿದರು. ತಿರುಮಲೇಶರು ಹಾಕಿದ ಗಂಟು ನಿಲ್ಲಲಿಲ್ಲ. ಮಾಯಾ ಕಾಲುಗಳನ್ನು ಕಟ್ಟಿದಳು, ತೋಳುಗಳನ್ನು ಅರುಂಧತಿ ಕಟ್ಟಿದರು. ಒಣಗಿದ್ದ ದರ್ಭೆ ಬೇಗ ಉರಿದುಹೋಯಿತು.